ಅಮೆರಿಕದ ಮತನಕ್ಷೆ ಆಪ್: ಫೋನಲ್ಲಿ ಬೇಡ, ಟ್ಯಾಬಲ್ಲಿ ನೋಡಿ

ಕಾಲೇಜಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವ ನನಗೆ ಈ ಆಪ್ ಚೆನ್ನಾಗಿ ಒದಗಿದೆ. ಕೆಳಗಿನ ಪಟ್ಟಿ ಎಳೆದರೆ ಚುನಾವಣೆಯ ವರ್ಷ ಬದಲಾಗುತ್ತದೆ, ಅಷ್ಟೇ. ಆದರೆ 1964ರಲ್ಲಿ ನಿಲ್ಲಿಸಿ ನೋಡಿ. ಡೆಮಾಕ್ರಟ್ ಪಕ್ಷದ ಅಧ್ಯಕ್ಷ ಜಾನ್ಸನ್ ಹೆಚ್ಚುಕಮ್ಮಿ ದೇಶವನ್ನೇ ಬಾಚಿಕೊಂಡಿದ್ದಾರೆ. ಆದರೆ ದಶಕಗಟ್ಟಲೆ ಡೆಮಾಕ್ರಟರ ಕೋಟೆಯಾಗಿದ್ದ ದಕ್ಷಿಣದ ಮಿಸಿಸಿಪ್ಪಿ ರಾಜ್ಯ ಎದುರಾಳಿ ರಿಪಬ್ಲಿಕನ್ ಗೋಲ್ಡ್‌ವಾಟರ್‌ಗೆ ಶೇ. 87 ಮತ ಕೊಟ್ಟಿದೆ! ಕಪ್ಪು ಜನರ ವಿರುದ್ಧದ ತಾರತಮ್ಯ ನಿಷೇಧಿಸುವ ನಾಗರಿಕ ಹಕ್ಕು ಮಸೂದೆಗೆ ಗೋಲ್ಡ್‌ವಾಟರ್ ವಿರೋಧವಾಗಿ ಮತ ಹಾಕಿದ್ದರಲ್ಲ, ಅದರ ಫಲ. ಅಲ್ಲಿನ ಹೆಚ್ಚಿನ ಕಪ್ಪು ಜನರಿಗೆ ಆಗ ಮತ ಹಾಕಲು ಬಿಡುತ್ತಲೇ ಇರಲಿಲ್ಲ. ಆಪ್ ಇದನ್ನು ಹೇಳಲ್ಲ, ನಾವೇ ಹೇಳಬೇಕು.

ಟೆಕ್ಸಾಸ್ ಗಡಿಯ ಸ್ಟಾರ್ ಕೌಂಟಿಯನ್ನೂ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಒತ್ತಿ. ಹೆಚ್ಚುಕಮ್ಮಿ ಪೂರ್ತಿ ಹಿಸ್ಪಾನಿಕ್ ಜನ, ಅಂದರೆ ಸ್ಪ್ಯಾನಿಷ್ ಭಾಷಿಕ ಮೂಲದವರು. 2012ರಲ್ಲಿ ಡೆಮಾಕ್ರಟ್ ಒಬಾಮಾಗೆ ಶೇ. 86. 2024ರಲ್ಲಿ ಅಲ್ಲಿ ಗೆದ್ದವರು ರಿಪಬ್ಲಿಕನ್ ಟ್ರಂಪ್. ಹಿಸ್ಪಾನಿಕ್ ಮತ ಯಾರ ಜೇಬಲ್ಲೂ ಇಲ್ಲ ಅಲ್ವಾ?

ಕಿರಿಕಿರಿಯೂ ಇದೆ. ಜನವಿಲ್ಲದ ಬಯಲೆಲ್ಲ ದೊಡ್ಡದಾಗಿ ಕೆಂಪಗೆ (ರಿಪಬ್ಲಿಕನ್ ಬಣ್ಣ) ಕಾಣುತ್ತದೆ, ಸುಮಾರು ಒಂದು ಕೋಟಿ ಜನರ ಲಾಸ್ ಏಂಜಲೀಸ್ ಕೌಂಟಿ ಮೂಲೆಯಲ್ಲಿ ಚಿಕ್ಕ ತುಂಡು. ಜನಸಂಖ್ಯೆಗೆ ತಕ್ಕಂತೆ ತೋರಿಸುವ ಆಯ್ಕೆಯೇ ಇಲ್ಲ. ಫೋನಲ್ಲಂತೂ ಜಾರ್ಜಿಯಾದ ಪುಟ್ಟ ಕೌಂಟಿ ಒತ್ತಿದರೆ ಪಕ್ಕದ್ದು ತೆರೆಯುತ್ತದೆ. ದುಡ್ಡು ಕೊಡಬೇಡಿ, ಉಚಿತದ್ದೇ ಸಾಕು.