ಕಂದು ಸ್ಲೀವಿನ ಕೆಳಗೆ ನೀಲಿ ಸ್ಲೀವ್: ಅಗ್ಗದ ಕೆಪಾಸಿಟರ್ ಕೊಳ್ಳುವ ಮೊದಲು ಇದನ್ನು ಓದಿ

ಇಪ್ಪತ್ತೆರಡು ವರ್ಷದಿಂದ ಸೋಲ್ಡರಿಂಗ್ ಐರನ್ ಹಿಡಿದ ಕೈ ಇದು. ಆದರೂ ಮೂರು ಕೆಪಾಸಿಟರ್ ತೋರಿಸಿ ಮುನ್ನೂರನ್ನು ನನ್ನ ತಲೆಗೆ ಕಟ್ಟಿದರು. ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ನಾಳೆ ನಿಮ್ಮಲ್ಲೊಬ್ಬರು ಅದೇ ಅಂಗಡಿಯ ಮೆಟ್ಟಿಲು ಹತ್ತುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಪೀಣ್ಯದಲ್ಲಿ ನನ್ನದೊಂದು ಸಣ್ಣ ಶೆಡ್ಡು ಇದೆ, ನಾಲ್ಕು ಜನ ಕೆಲಸದವರಿದ್ದಾರೆ. ಹಳ್ಳಿಯ ಹಾಲಿನ ಡೈರಿಗಳಲ್ಲಿ ಹಾಲು ತೂಗುವ, ಫ್ಯಾಟ್ ನೋಡುವ ಯಂತ್ರಗಳಿಗೆ 12 ವೋಲ್ಟಿನ ಪವರ್ ಸಪ್ಲೈ ಮಾಡಿಕೊಡುತ್ತೇವೆ. ಒಂದೊಂದು ಬೋರ್ಡಿನ ಔಟ್‌ಪುಟ್‌ನಲ್ಲಿ ಎರಡು ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಇರುತ್ತವೆ, ವಿದ್ಯುತ್ತನ್ನು ತುಂಬಿಟ್ಟುಕೊಂಡು ಬೇಕಾದಾಗ ಕೊಡುವ ಸಣ್ಣ ಡಬ್ಬಿಗಳು: 1000 ಮೈಕ್ರೋಫ್ಯಾರಡ್, 25 ವೋಲ್ಟ್, 105 ಡಿಗ್ರಿ ಬಿಸಿ ತಡೆಯುವಂಥವು, ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರುವಂಥವು). ಪ್ರತಿ ಸಲ ತರಿಸುವ ಅಧಿಕೃತ ವಿತರಕರ ಬಳಿ ಯುಗಾದಿಯ ಹೊತ್ತಿಗೆ ಸ್ಟಾಕ್ ಇರಲಿಲ್ಲ, ಹನ್ನೆರಡು ವಾರ ಕಾಯಿರಿ ಎಂದರು. ನನಗೆ ನೂರಿಪ್ಪತ್ತು ಬೋರ್ಡುಗಳ ಆರ್ಡರ್ ಇತ್ತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಗೆ ಹೋದೆ.

ಅಲ್ಲಿನ ವ್ಯವಹಾರ ನಿಮಗೆ ಗೊತ್ತೇ ಇದೆ. ಗಲ್ಲಿಯೊಳಗಿನ ಗಲ್ಲಿ, ಎದೆಯುದ್ದದ ಕೌಂಟರ್, ಗೋಡೆಯ ತುಂಬ ಡಬ್ಬಿಗಳು. ವಿತರಕರು ಹದಿನಾಲ್ಕು ರೂಪಾಯಿಗೆ ಕೊಡುತ್ತಿದ್ದ ಪೀಸು ಇಲ್ಲಿ ಒಂಬತ್ತು. ಅದೇ ಜಪಾನಿ ಕಂಪನಿಯ ಗುರುತು, ಅದೇ ಕಂದು ಸ್ಲೀವು (ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ), ಅದೇ ಚಿನ್ನದ ಬಣ್ಣದ ಅಕ್ಷರ. "ಅನುಮಾನವಿದ್ದರೆ ಇಲ್ಲೇ ಚೆಕ್ ಮಾಡಿ ಸರ್" ಎಂದು ಅಂಗಡಿಯವನು ಮೂರು ಪೀಸು ತೆಗೆದು ಕೌಂಟರಿನ ಮೇಲಿಟ್ಟ. ಜೇಬಿನಲ್ಲಿದ್ದ ಮೀಟರ್ ಹಿಡಿದೆ. 940, 955, 930 ಮೈಕ್ರೋಫ್ಯಾರಡ್. ಇಪ್ಪತ್ತು ಶೇಕಡಾ ಹೆಚ್ಚುಕಡಿಮೆ ಸಹಜ, ಸರಿಯಾಗಿಯೇ ಇದೆ ಎಂದುಕೊಂಡೆ. ಪೀಸು ತೆಗೆದುಕೊಟ್ಟವನು ಅವನು! ಚೀಲಕ್ಕೆ ನಾನೇ ಕೈಹಾಕಬೇಕು ಎಂದು ಹೊಳೆಯಲೇ ಇಲ್ಲ.

ಒಂದು ಮಾತು ಮಾತ್ರ ಕೇಳಿದ್ದೆ. "ಇದು ಗಿಡ್ಡ ಇದೆಯಲ್ಲ? ನಾವು ಹಾಕುವುದು ಇದಕ್ಕಿಂತ ಎತ್ತರ ಇರುತ್ತದೆ."

"ಹೊಸ ಸೀರೀಸ್ ಸರ್. ಈಗ ಎಲ್ಲವೂ ಚಿಕ್ಕದಾಗುತ್ತಿದೆ, ಮೊಬೈಲ್ ನೋಡಿ."

ನಾನು ತಲೆಯಾಡಿಸಿದೆ. ಹೌದು, ತಲೆಯಾಡಿಸಿದೆ! ಬ್ಯಾಗಿನಲ್ಲಿ ಅಳತೆಯ ವರ್ನಿಯರ್ ಇತ್ತು, ಮೊಬೈಲಿನಲ್ಲಿ ಕಂಪನಿಯ ಅಳತೆ-ವಿವರಗಳ ಡೇಟಾಶೀಟ್ ಇತ್ತು. ಎರಡನ್ನೂ ಹೊರಗೆ ತೆಗೆಯಲಿಲ್ಲ. ರಾತ್ರಿ ನಿದ್ದೆ ಬಾರದಾಗ ಈಗಲೂ ಆ ತಲೆಯಾಟವೇ ಕಣ್ಣ ಮುಂದೆ ಬರುತ್ತದೆ.

ಬಿಲ್ ಕೇಳಿದೆ. "ಬಿಲ್ ಆದರೆ ಹದಿನೆಂಟು ಶೇಕಡಾ ಜಿಎಸ್‌ಟಿ ಸೇರುತ್ತದೆ, ಎಸ್ಟಿಮೇಟ್ ಚೀಟಿ ಸಾಕಲ್ಲವೇ?" ಸಾಕು ಎಂದೆ. ಮುನ್ನೂರು ಪೀಸಿಗೆ ಒಂದೂವರೆ ಸಾವಿರ ಉಳಿಯಿತೆಂದು ಖುಷಿಯಲ್ಲಿ ಗಲ್ಲಿಯ ತುದಿಯಲ್ಲಿ ಕಬ್ಬಿನ ಹಾಲು ಬೇರೆ ಕುಡಿದು ಬಂದೆ.

ಬೋರ್ಡುಗಳೆಲ್ಲ ಬೆಂಚಿನ ಮೇಲೆ ಒಂದು ದಿನ ಪೂರ್ತಿ ಓಡಿದವು. ಒಂದೂ ಕೆಡಲಿಲ್ಲ. ಕಳಿಸಿಕೊಟ್ಟೆ.

ಗೌರಿ ಹಬ್ಬದ ಹಿಂದಿನ ವಾರ ಮೊದಲ ಫೋನ್ ಬಂತು. ಆಮೇಲೆ ದಿನಕ್ಕೊಂದು. ಎಲ್ಲರದೂ ಒಂದೇ ದೂರು: ಯಂತ್ರ ಚೀಟಿ ಮುದ್ರಿಸಲು ಹೋದಾಗ ಪರದೆ ಮಿಣುಕಿ ಎಲ್ಲವೂ ಸೊನ್ನೆಗೆ ಬರುತ್ತದೆ. ನಾಗಮಂಗಲದ ಕಡೆಯ ಒಂದು ಡೈರಿಗೆ ಬೆಳಗಿನ ಜಾವ ನಾನೇ ಹೋಗಿ ನಿಂತೆ. ಆರು ಗಂಟೆಗೆ ಕ್ಯಾನು ಹಿಡಿದವರ ಸಾಲು ಬಾಗಿಲಾಚೆಗೂ ಇತ್ತು. ಹಾಲು ಸುರಿದರು, ತೂಕ ಬಂತು, ಫ್ಯಾಟ್ ಬಂತು, ಪ್ರಿಂಟರ್ ಕಿರ್ರ್ ಎಂದಿತು, ಪರದೆ ಕಪ್ಪಾಯಿತು. ಕಾರ್ಯದರ್ಶಿ ನನ್ನ ಮುಖ ನೋಡದೆ ಪುಸ್ತಕ ತೆಗೆದು ಕೈಯಲ್ಲೇ ಬರೆಯತೊಡಗಿದರು. ಒಬ್ಬ ಅಜ್ಜಿ ನನ್ನನ್ನೇ ಡೈರಿಯವನೆಂದು ತಿಳಿದು, "ನನ್ನ ಹಾಲಿಗೆ ಎಷ್ಟು ಫ್ಯಾಟ್ ಬರೆದುಕೊಂಡೆಯಪ್ಪಾ? ನಿನ್ನೆಯೂ ಅಂದಾಜಿನಲ್ಲೇ ಬರೆದಿದ್ದೀರಿ" ಎಂದರು. ಫ್ಯಾಟಿನ ಮೇಲೆ ದುಡ್ಡು ಸಿಗುವ ಕಡೆ ಅಂದಾಜು ಎಂದರೆ ಏನರ್ಥ, ನಾನು ಬಿಡಿಸಿ ಹೇಳಬೇಕಿಲ್ಲ.

ತಪ್ಪು ನನ್ನದೇ ಇರಬೇಕೆಂದು ಮೂರು ವಾರ ಡಿಸೈನ್ ಕೆದಕಿದೆ. ಲೈನಿನ ಏರಿಳಿತ ಎಂದುಕೊಂಡೆ, ವೋಲ್ಟೇಜ್ ದಿಢೀರ್ ಏರಿದಾಗ ತಡೆಯುವ ವೇರಿಸ್ಟರ್ ಬದಲಿಸಿದೆ. ಅರ್ತಿಂಗ್ ನೋಡಿದೆ. ಕೊನೆಗೆ ಬೆಸುಗೆ ಹಾಕುವ ಹುಡುಗಿಯನ್ನು ಎಲ್ಲರೆದುರು ಬೈದೆ, ಕಾದ ಐರನ್ನನ್ನು ಹೆಚ್ಚು ಹೊತ್ತು ಇಟ್ಟಿದ್ದೀಯ ಎಂದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಸರ್, ಆ ಸಲದ ಕೆಪಾಸಿಟರ್‌ಗಳಿಗೆ ಎರಡು ಕಾಲೂ ಒಂದೇ ಉದ್ದ ಇತ್ತು. ಪ್ಲಸ್ ಯಾವುದೆಂದು ಮೈಮೇಲಿನ ಪಟ್ಟಿ ನೋಡಿ ಹಾಕಿದೆ. ಅವತ್ತೇ ನಿಮಗೆ ಹೇಳಿದ್ದೆ, ನೀವು ಫೋನಿನಲ್ಲಿದ್ದಿರಿ."

ಹೊಸ ಕೆಪಾಸಿಟರಿನ ಪ್ಲಸ್ ಕಾಲು ಉದ್ದ ಇರುತ್ತದೆ. ಐಟಿಐ ಮೊದಲ ವರ್ಷದ ಪಾಠ. ಎರಡೂ ಸಮ ಇದ್ದರೆ ಯಾರೋ ಕತ್ತರಿಸಿದ್ದಾರೆ ಎಂದರ್ಥ. ನಮ್ಮಂಥವರು ಬಿಡಿಯಾಗಿ ಕೊಳ್ಳುವ ಹೊಸ ಮಾಲನ್ನು ಯಾರು ಕತ್ತರಿಸುತ್ತಾರೆ?

ಉಳಿದಿದ್ದ ಪೀಸುಗಳಲ್ಲಿ ಒಂದನ್ನು ಭೂತಗನ್ನಡಿಯ ದೀಪದ ಕೆಳಗಿಟ್ಟೆ. ಕಾಲಿನ ತುದಿ ಹೊಳೆಯುತ್ತಿರಲಿಲ್ಲ, ಹಳೆಯ ಸೀಸದ ಗುಳ್ಳೆ ಅಂಟಿಕೊಂಡಿತ್ತು. ಬ್ಲೇಡಿನಿಂದ ಕಂದು ಸ್ಲೀವನ್ನು ಉದ್ದಕ್ಕೆ ಗೀರಿ ಬಿಡಿಸಿದೆ. ಅಲ್ಯೂಮಿನಿಯಂ ಹೊಳೆಯಬೇಕಿತ್ತು. ನೀಲಿ ಕಂಡಿತು. ಸ್ಲೀವಿನ ಕೆಳಗೆ ಇನ್ನೊಂದು ಸ್ಲೀವು! ಅದರ ಮೇಲೆ ಅರ್ಧ ಉಜ್ಜಿಹೋದ ಬಿಳಿ ಅಕ್ಷರ: 1000 ಮೈಕ್ರೋಫ್ಯಾರಡ್, 16 ವೋಲ್ಟ್, 85 ಡಿಗ್ರಿ. ಯಾವುದೋ ಗುಜರಿ ಬೋರ್ಡಿನಿಂದ ಕಿತ್ತ ಮಾಲಿಗೆ ಹೊಸ ಅಂಗಿ ತೊಡಿಸಿದ್ದಾರೆ. ಎರಡನೆಯದನ್ನು ಬಿಡಿಸಿದೆ, ನೀಲಿ. ಮೂರನೆಯದು, ಕಪ್ಪು. ಹತ್ತು ಬಿಡಿಸುವಷ್ಟರಲ್ಲಿ ಕೈ ನಡುಗುತ್ತಿತ್ತು, ಹನ್ನೊಂದನೆಯದಕ್ಕೆ ಹೆಬ್ಬೆರಳು ಕೊಯ್ದುಕೊಂಡೆ.

ಲೆಕ್ಕ ಹಾಕಿದರೆ ಎಲ್ಲವೂ ಹೊಂದಿಕೊಳ್ಳುತ್ತದೆ. ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನೊಳಗಿನ ದ್ರವ ನಿಧಾನವಾಗಿ ಆರುತ್ತದೆ. ಬಿಸಿ ಹತ್ತು ಡಿಗ್ರಿ ಇಳಿದರೆ ಆಯುಷ್ಯ ಎರಡರಷ್ಟು, ಏರಿದರೆ ಅರ್ಧ. ಡೈರಿಗಳ ಸಿಮೆಂಟ್ ಶೀಟಿನ ಕೆಳಗೆ, ಮುಚ್ಚಿದ ಪೆಟ್ಟಿಗೆಯೊಳಗೆ, ಕೆಪಾಸಿಟರಿನ ಮೈಗೆ ಬಿಸಿ ಅಳೆಯುವ ಥರ್ಮೋಕಪಲ್ ಅಂಟಿಸಿ ನೋಡಿದಾಗ 75 ಡಿಗ್ರಿ ಇತ್ತು. 105 ಡಿಗ್ರಿಯಲ್ಲಿ 5,000 ಗಂಟೆ ಬಾಳುವ ಅಸಲಿ ಪೀಸು 75ರಲ್ಲಿ 40,000 ಗಂಟೆ ಬಾಳಬೇಕು, ಅಂದರೆ ನಾಲ್ಕೂವರೆ ವರ್ಷ. 85 ಡಿಗ್ರಿಯಲ್ಲಿ 2,000 ಗಂಟೆಯ ಮಾಲು 75ರಲ್ಲಿ 4,000 ಗಂಟೆ, ಐದೂವರೆ ತಿಂಗಳು. ಡೈರಿಯವರು ರಾತ್ರಿಯೂ ಸ್ವಿಚ್ ಆರಿಸುವುದಿಲ್ಲ, ಅದೇ ಪೆಟ್ಟಿಗೆಯಿಂದ ಬ್ಯಾಟರಿಯೂ ಚಾರ್ಜ್ ಆಗುತ್ತಿರುತ್ತದೆ. ಯುಗಾದಿಯಿಂದ ಗೌರಿ ಹಬ್ಬಕ್ಕೆ ಎಣಿಸಿ ನೋಡಿ. ಸತ್ತ ಪೀಸುಗಳಲ್ಲಿ ತಲೆ ಉಬ್ಬಿದ್ದವು ಕೆಲವೇ. ಉಳಿದವು ಹೊರಗಿನಿಂದ ನೋಡಲು ಚೆನ್ನಾಗಿಯೇ ಇದ್ದವು, ಒಳಗೆ ಒಣಗಿ ಕುಳಿತಿದ್ದವು. 0.05 ಓಮ್‌ಗಿಂತ ಕಡಿಮೆ ಇರಬೇಕಾದ ಇಎಸ್‌ಆರ್ ಎರಡು ಓಮ್ ದಾಟಿತ್ತು. ಪ್ರಿಂಟರ್ ಎಳೆಯುವ ಕರೆಂಟಿಗೆ ಇವು ಎಲ್ಲಿ ತಡೆಯುತ್ತವೆ?

ಫೋಟೋ ತೆಗೆದು ಅಂಗಡಿಯವನಿಗೆ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಿತ್ತು. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ: "ಸರ್, ನಿಮ್ಮ ಸರ್ಕ್ಯೂಟ್ ಯಾರಿಗಾದರೂ ತೋರಿಸಿ." ನನ್ನ ಸರ್ಕ್ಯೂಟ್! ಫೋನ್ ಮಾಡಿದರೆ, "ಕೆಪಾಸಿಟರ್ ಯಾರದ್ದು ಕೆಟ್ಟಿಲ್ಲ ಹೇಳಿ? 2005ರಲ್ಲಿ ಡೆಲ್‌ನಂಥ ಕಂಪನಿಯೇ ಕೆಟ್ಟ ಕೆಪಾಸಿಟರಿಗೆ 30 ಕೋಟಿ ಡಾಲರ್ ಲೆಕ್ಕದಲ್ಲಿ ಕಳೆದುಕೊಂಡಿತು." ಈ ವಿಷಯವೂ ಅವನಿಗೆ ಗೊತ್ತು ನೋಡಿ. ಅದು ನಿಜವೇ, ಆದರೆ ಅಲ್ಲಿ ಕೆಪಾಸಿಟರ್‌ಗಳೇ ಕಳಪೆಯಾಗಿದ್ದವು, ಇಲ್ಲಿ ಹಳೆಯ ಮಾಲಿಗೆ ವೇಷ ಹಾಕಿದ್ದಾರೆ. ಹಾಗೆಂದು ಕೂಗಾಡಿದೆ.

ಕೊನೆಗೆ ಅಂಗಡಿಗೇ ಹೋಗಿ ಬಿಡಿಸಿದ ಹತ್ತೂ ಪೀಸುಗಳನ್ನು ಕೌಂಟರಿನ ಮೇಲೆ ಸುರಿದೆ. ಅವನು ಒಂದನ್ನೂ ಮುಟ್ಟಲಿಲ್ಲ. ಚೀಟಿ ತೋರಿಸಿ ಎಂದ. ತೋರಿಸಿದೆ. ಅದರಲ್ಲಿ ಇದ್ದದ್ದು ಇಷ್ಟೇ: "1000/25, 300 ಪೀಸ್."

"ಇದರಲ್ಲಿ ಕಂಪನಿ ಹೆಸರು ಎಲ್ಲಿದೆ ಸರ್? ಡಿಗ್ರಿ ಎಲ್ಲಿದೆ?"

"ವೋಲ್ಟ್ ಇದೆಯಲ್ಲ, 25 ಎಂದು ನೀನೇ ಬರೆದಿದ್ದೀಯ, ಒಳಗೆ 16 ಇದೆ!"

"ನಿಮಗೆ ಬೇಕಿದ್ದು 12 ವೋಲ್ಟಿಗಲ್ಲವೇ ಸರ್? 16 ಸಾಕು."

ಪಕ್ಕದಲ್ಲಿ ನಿಂತಿದ್ದ ಗಿರಾಕಿಯೊಬ್ಬ ನಕ್ಕ. ನಾನು ಕೆಪಾಸಿಟರ್‌ಗಳನ್ನು ಒಂದೊಂದಾಗಿ ಹೆಕ್ಕಿ ಜೇಬಿಗೆ ಹಾಕಿಕೊಂಡು ಬಂದೆ. ಬಿಲ್ಲಿಲ್ಲದೆ ಗ್ರಾಹಕ ಆಯೋಗದ ಮುಂದೆ ಏನೆಂದು ನಿಲ್ಲಲಿ? ಕಳೆದ ವಾರ ಅವನದೇ ನಂಬರಿನಿಂದ ಸಂದೇಶ ಬಂದಿದೆ: "ಹೊಸ ಸ್ಟಾಕ್, 1000/25, ಹತ್ತು ರೂಪಾಯಿ." ಬಹುಶಃ ಗಿರಾಕಿಗಳ ಪಟ್ಟಿಗೆಲ್ಲ ಒಟ್ಟಿಗೆ ಕಳಿಸುತ್ತಾನೆ. ಒಂದು ರೂಪಾಯಿ ಏರಿಸಿಯೂ ಬಿಟ್ಟಿದ್ದಾನೆ.

ಹೀಗಾಗಿ, ಆ ರಸ್ತೆಯಲ್ಲಿ ಪ್ರಾಮಾಣಿಕರು ಬೇಕಾದಷ್ಟು ಜನ ಇದ್ದಾರೆ ಎಂದು ಒಪ್ಪುತ್ತಲೇ ಹೇಳುತ್ತೇನೆ: ಪೀಸನ್ನು ಚೀಲದ ತಳದಿಂದ ನೀವೇ ತೆಗೆಯಿರಿ. ಕಾಲು ನೋಡಿ. ಎತ್ತರವನ್ನು ಡೇಟಾಶೀಟಿನ ಜೊತೆ ಅಳೆಯಿರಿ. ಮೈಕ್ರೋಫ್ಯಾರಡ್ ಒಂದನ್ನೇ ನೋಡಿ ನನ್ನಂತೆ ಸಮಾಧಾನಪಡಬೇಡಿ, ಇಎಸ್‌ಆರ್ ನೋಡಿ. ದುಡ್ಡು ಕೊಡುವ ಮೊದಲು ಒಂದು ಪೀಸನ್ನು ಅಲ್ಲೇ, ಅವರೆದುರೇ, ಬ್ಲೇಡು ಹಾಕಿ ಬಿಡಿಸಿ. ಅದಕ್ಕೆ ಒಪ್ಪದ ಅಂಗಡಿಯಿಂದ ಎದ್ದು ಬನ್ನಿ. ಬಿಲ್ ತೆಗೆದುಕೊಳ್ಳಿ, ಅದರಲ್ಲಿ ಕಂಪನಿ, ವೋಲ್ಟ್, ಡಿಗ್ರಿ ಎಲ್ಲವನ್ನೂ ಬರೆಸಿ. ಕೆಲಸದ ಹುಡುಗಿ ಏನಾದರೂ ಹೇಳಲು ಬಂದರೆ ಫೋನ್ ಕೆಳಗಿಡಿ. ನಾನು ಅವಳ ಬಳಿ ಕ್ಷಮೆ ಕೇಳಿದೆ, ಎಲ್ಲರೆದುರೇ ಕೇಳಿದೆ. ಅವಳು "ಇರಲಿ ಸರ್" ಎಂದಳು, ಮುಖ ಮಾತ್ರ ಇನ್ನೂ ಬಿಗಿದುಕೊಂಡೇ ಇದೆ.

ನೂರಿಪ್ಪತ್ತರಲ್ಲಿ ನೂರಾ ಮೂರು ಬೋರ್ಡುಗಳನ್ನು ಬದಲಿಸಿ ಬಂದಿದ್ದೇನೆ, ಡೀಸೆಲ್ಲೂ ನನ್ನದೇ. ಇನ್ನು ಹದಿನೇಳು ಉಳಿದಿವೆ, ಹೆಚ್ಚಿನವು ಪಾಂಡವಪುರ, ಕೆ.ಆರ್. ಪೇಟೆಯ ಕಡೆಯವು. ಆ ಡೈರಿಗಳವರು ಯಾರಾದರೂ ಇದನ್ನು ಓದುತ್ತಿದ್ದರೆ, ಯಂತ್ರ ಇನ್ನೂ ಸರಿಯಾಗಿ ಓಡುತ್ತಿದ್ದರೂ ನನಗೊಂದು ಫೋನ್ ಮಾಡಿ. ಭಾನುವಾರ ಬೆಳಗಿನ ಹಾಲು ಮುಗಿಯುವ ಹೊತ್ತಿಗೆ ಬರುತ್ತೇನೆ.