ಪದ್ಮಿನಿಗೆ ಇಗ್ನಿಷನ್ ಬಾಕ್ಸ್ ಹಾಕ್ಸಿ ಮಳಿಗಾಲ ದಾಟಿಸಿದ್ದಾತು, ಪಿಕಪ್ ಬಂತೇನ್ರಿ?

ಮೊದ್ಲ ಹೇಳ್ಬಿಡ್ತೀನಿ, ಪಿಕಪ್ ಸಲುವಾಗಿ ತಗೋಳಾವ್ರಿದ್ರ ರೊಕ್ಕ ಉಳಿಸ್ಕೋರಿ. ನಮ್ದು ಬೆಳಗಾವ್ಯಾಗ ಇರೂ ಹಳೇ ಪ್ರೀಮಿಯರ್ ಪದ್ಮಿನಿ, 1089 ಸಿಸಿ, ಪಾಯಿಂಟ್ ಇಗ್ನಿಷನ್ (ಪಾಯಿಂಟ್ ಅಂದ್ರ ಡಿಸ್ಟ್ರಿಬ್ಯೂಟರಿನ್ಯಾಗಿನ ಸಣ್ಣ ಸ್ವಿಚ್, ಅದು ಬಿಟ್ಟಾಗ ಸ್ಪಾರ್ಕ್ ಬರ್ತೈತಿ), ಅದಕ್ಕ ಮಲ್ಟಿ ಸ್ಪಾರ್ಕ್ ಸಿಡಿಐ ಬಾಕ್ಸ್, ಅಂದ್ರ ಒಂದರ ಬದಲಿ ಸಾಲಾಗಿ ನಾಕಾರು ಸ್ಪಾರ್ಕ್ ಹೊಡಿಯೂ ಎಲೆಕ್ಟ್ರಾನಿಕ್ ಡಬ್ಬಿ, ಹಾಕ್ಸೇನಿ. ಹಾಕ್ಸಿದ ದಿನ ಗಾಡಿ ಹಾರಿದಂಗ ಅನಸ್ತೈತಿ ಖರೇ, ಆದ್ರ ಮಿಸ್ತ್ರಿ ಬರೇ ಬಾಕ್ಸ್ ಒಂದ ಕೂಡ್ಸಿರಂಗಿಲ್ಲಲ್ರಿ, ಅದರ ಜೋಡಿ ಹೊಸಾ ಪ್ಲಗ್, ವೈರ್, ಪ್ಲಗ್ಗಿಗೆ ಸ್ಪಾರ್ಕ್ ಹಂಚೂ ರೋಟರ್, ಕ್ಯಾಪ್ ಎಲ್ಲಾ ಹಾಕಿ ಟೈಮಿಂಗೂ ಸೆಟ್ ಮಾಡಿರ್ತಾನ, ಅಷ್ಟ ಮಾಡಿದ್ರ ಬಾಕ್ಸ್ ಇಲ್ದನೂ ಗಾಡಿ ಛಲೋ ಓಡತೈತಿ. ಅದಕ್ಕ ನಾ ಆಮ್ಯಾಲೆ ಬಾಕ್ಸ್ ಅಷ್ಟ ಬಿಡಿಸಿ, ಕಾಯಿಲ್ (ಸ್ಪಾರ್ಕಿಗೆ ಬೇಕಾದ ವೋಲ್ಟೇಜ್ ಏರಿಸೂದು) ವಾಪಸ್ ಪಾಯಿಂಟಿಗೆ ಕೊಟ್ಟು, ಬ್ಯಾರೆ ಏನೂ ಮುಟ್ಟದ ವಂಟಮುರಿ ಘಾಟ್ ಹತ್ತಿಸಿ ನೋಡಿದ್ನಿ. ಬಾಕ್ಸ್ ಇದ್ದಾಗ ಎಲ್ಲಿ ಗೇರ್ ಇಳಸ್ತಿದ್ನೋ ಇಲ್ದಾಗೂ ಅಲ್ಲೇ. ಆವರೇಜೂ ಹಂಗ.

ಯಾಕಂದ್ರ ಒಲಿ ಒಂದ ಕಡ್ಡಿಗೆ ಹತ್ತಿದ್ರೂ ಹತ್ತ ಕಡ್ಡಿಗೆ ಹತ್ತಿದ್ರೂ ರೊಟ್ಟಿ ಬೇಯೂದು ಅಷ್ಟ ಹೊತ್ತಿಗೇನ. ತಾಕತ್ತು ಬರೂದು ಪೆಟ್ರೋಲ್ ಗಾಳಿಯಿಂದ. ಮಿಸ್ಸಿಂಗ್ ಇಲ್ದ ಎಲ್ಲಾ ಸ್ಪಾರ್ಕ್ ಹೊಡೀತಿದ್ರ ಇನ್ನಷ್ಟ ಜೋರ್ ಹೊಡದ್ರೂ ಏನೂ ಸಿಗಂಗಿಲ್ಲ. ನಾಕ್ ಸಿಲಿಂಡರ್ ಇಂಜಿನ್ 5000 ಆರ್‌ಪಿಎಂ ತಿರಗಿದ್ರ ನಿಮಿಷಕ್ಕ 10,000 ಸ್ಪಾರ್ಕ್ ಬೇಕು, ಅಲ್ಲಿ ಕಾಯಿಲ್ ತುಂಬಾಕ ಟೈಮ್ ಸಾಲಂಗಿಲ್ಲ, ಸವದ ಪಾಯಿಂಟ್ ಕುಣೀತೈತಿ, ಅಂಥಲ್ಲಿ ಕೆಪಾಸಿಟರ್‌ನ್ಯಾಗ 400 ವೋಲ್ಟ್ ಮ್ಯಾಲೆ ತುಂಬಿ ಒಮ್ಮೆಲೆ ಕಾಯಿಲಿಗೆ ಬಿಡೂ ಈ ಬಾಕ್ಸ್ ಗೆಲ್ಲತೈತಿ. ಪದ್ಮಿನಿನ್ನ ಅಷ್ಟ ಒದರ್ಸಾವ್ರು ಯಾರ್ರಿ? ಮಲ್ಟಿ ಸ್ಪಾರ್ಕ್ ಅಂತ ದೊಡ್ಡದಾಗಿ ಬರದಿರ್ತಾರಲ್ಲ, ಅದೂ ಸುಮಾರು 3000 ಆರ್‌ಪಿಎಂ ತನಕ ಅಷ್ಟ, ಮುಂದ ಒಂದ ಸ್ಪಾರ್ಕು.

ಹಂಗಂತ ನಾ ಬಾಕ್ಸ್ ತಗದಿಲ್ಲ, ವಾಪಸ್ ಹಾಕೇನಿ. ನಮ್ಮ ಊರ ಮಳಿ ನಿಮಗ ಗೊತ್ತೈತಿ, ಜಿಟಿಜಿಟಿ ಹಿಡೀತಂದ್ರ ಬಿಡಂಗಿಲ್ಲ, ಮೊದ್ಲ ಮುಂಜಾನೆ ಚೋಕ್ ಎಳದು ಸೆಲ್ಫ್ ಹೊಡದು ಹೊಡದು ಬ್ಯಾಟ್ರಿ ಕೂತು ಕಡೀಕ ಓಣಿ ಹುಡುಗ್ರನ್ನ ಕರದು ದಬ್ಬಿಸ್ಬೇಕಾಗ್ತಿತ್ತು, ಈಗ ಪ್ಲಗ್ ಒಂಚೂರು ಹಸಿ ಆಗಿದ್ರೂ ಹತ್ತಿಕೊಳ್ತೈತಿ. ಐಡಲ್ ನೆಟ್ಟಗ ನಿಂತೈತಿ. ಎಲ್ಲಕ್ಕಿಂತ ಛಲೋ ಅಂದ್ರ ಪಾಯಿಂಟ್. ಕಾಯಿಲಿನ ಕರೆಂಟ್ ಈಗ ಅದರ ಮ್ಯಾಲೆ ಹಾಯಂಗಿಲ್ಲ, ಬರೇ ಸಿಗ್ನಲ್ ಅಷ್ಟ, ಹಿಂಗಾಗಿ ಸುಟ್ಟು ಗುಳಿ ಬೀಳೂದು ನಿಂತೈತಿ. ಪಾಯಿಂಟ್ ತಗಿಯಾಕ ಕ್ಯಾಮಿಗೆ ತಿಕ್ಕೂ ರಬ್ಬಿಂಗ್ ಬ್ಲಾಕ್ ಮಾತ್ರ ಸವೀತೈತಿ, ಗ್ಯಾಪ್ ನೋಡ್ಕೋಂತ ಇರ್ಬೇಕು.

ಹಾಕ್ಸಾವ್ರು ರಾತ್ರಿ ಕತ್ತಲ್ಯಾಗ ಇಂಜಿನ್ ಚಾಲೂ ಇಟ್ಟು ಬಾನೆಟ್ ಎತ್ತಿ ನೋಡ್ರಿ, ದೂರಿಂದ ನೋಡ್ರಿ, ಕೈ ಹಚ್ಚಬ್ಯಾಡ್ರಿ ಮತ್ತ, ಹಳೇ ವೈರ್ ಇದ್ರ ಅದರ ಮೈ ಮ್ಯಾಲೆ ಸಣ್ಣ ನೀಲಿ ಕಿಡಿ ಓಡ್ಯಾಡೂದು ಕಾಣ್ತೈತಿ. ಕ್ಯಾಪಿನ್ಯಾಗ ಕೂದಲೆಳಿಯಷ್ಟ ಬಿರುಕಿದ್ರೂ ಅಲ್ಲೇ ಕರೆಂಟ್ ಸೋರಿ ಹೊಕ್ಕೈತಿ. ಬಾಕ್ಸ್ ಸೈಲೆನ್ಸರ್ ಪೈಪಿನ ಕಡಿ ಕೂಡ್ಸಬ್ಯಾಡ್ರಿ, ಕಾವು ತಡಿಯಂಗಿಲ್ಲ.

ಸ್ವಿಫ್ಟು ಐ20 ಇದ್ದಾವ್ರು ಇದರ ಗೋಜಿಗೇ ಹೋಗಬ್ಯಾಡ್ರಿ, ಸ್ಪಾರ್ಕಿಂದೆಲ್ಲಾ ಗಾಡಿಯಾಗಿನ ಕಂಪ್ಯೂಟರ್, ಇಸಿಯುನ ನೋಡ್ಕೋತೈತಿ. ಹಳೇ ಗಾಡಿಯಾವ್ರು ಹಾಕ್ಸಿದ್ರ ಪಾಯಿಂಟಿನ ಜೋಡಿ ಇದ್ದು ಬಿಚ್ಚಿದ ಕಂಡೆನ್ಸರ್ ಒಗೀಬ್ಯಾಡ್ರಿ, ಡಿಕ್ಕ್ಯಾಗ ಇಡ್ರಿ, ಬಾಕ್ಸ್ ಕೆಟ್ರ ವಾಪಸ್ ಪಾಯಿಂಟಿನ ಮ್ಯಾಲೆ ಓಡಿಸಾಕ ಬೇಕಾಗ್ತೈತಿ. ಪಾಯಿಂಟ್ ಕೆಡೂ ಮೊದ್ಲ ಮಿಸ್ಸಿಂಗ್ ಕೊಟ್ಟು ಹೇಳ್ತೈತಿ, ಬಾಕ್ಸ್ ಗಪ್ಪಂತ ನಿಂತ್ರ ನಿಂತಂಗ, ಗೋವಾ ಕಡೆ ಹೋಗೂ ಚೋರ್ಲಾ ಘಾಟಿನ್ಯಾಗ ಫೋನ್ ಹಚ್ಚಾಕ ರೇಂಜೂ ಎಲ್ಲಾ ಕಡೆ ಸಿಗಂಗಿಲ್ಲ.