ಟಿ ಕೋಶದ ಸಾವು ಅಳೆಯಲು ಅನೆಕ್ಸಿನ್ನೋ, ಕ್ಯಾಸ್ಪೇಸೋ?

ದಾವಣಗೆರೆಯಲ್ಲಿ ಕೂತು ಟಿ ಕೋಶಗಳ (ರೋಗ ತಡೆಯುವ ಬಿಳಿ ರಕ್ತಕಣಗಳ) ಅಪೊಪ್ಟೋಸಿಸ್, ಅಂದರೆ ಕೋಶ ತಾನಾಗಿ ಕ್ರಮವಾಗಿ ಸಾಯುವುದನ್ನು, ಅಳೆಯುವವರಿಗೆ ನನ್ನ ಓಟು ಕ್ಯಾಸ್ಪೇಸ್-3 ಪರೀಕ್ಷೆಗೆ. ಆ ಸಾವನ್ನು ನಡೆಸುವ ಕಿಣ್ವದ ಕೆಲಸವನ್ನು ಅದು ಅಳೆಯುತ್ತದೆ. ಪಕ್ಕದ ಕೋಣೆಯಲ್ಲೇ ಫ್ಲೋ ಸೈಟೋಮೀಟರ್ (ಕೋಶಗಳ ಹೊಳಪನ್ನು ಒಂದೊಂದಾಗಿ ಓದುವ ಯಂತ್ರ) ಇದ್ದವರು, ಸಾಯುವ ಕೋಶಕ್ಕೆ ಅಂಟುವ ಅನೆಕ್ಸಿನ್-ವಿ ಪ್ರೋಟೀನ್ ಹಿಡಿಯಲಿ. ಬಣ್ಣ ಹಾಕಿದ ಕೋಶಗಳನ್ನು ಗಂಟೆಯೊಳಗೆ ಓದಿಸಬೇಕು. ಬೆಂಗಳೂರಿನ ಬಸ್ಸಿಗೆ ಹಾಕಿ ಕಳಿಸುವ ಮಾಲಲ್ಲ ಅದು.

ಅನೆಕ್ಸಿನ್ನಿನ ದೊಡ್ಡ ತಕರಾರು ಕ್ಯಾಲ್ಸಿಯಂ. ಸಾಯುವ ಕೋಶ ಹೊರಮೈಗೆ ತಿರುಗಿಸಿಕೊಳ್ಳುವ ಕೊಬ್ಬಾದ ಫಾಸ್ಫಟಿಡೈಲ್‌ಸೆರಿನ್‌ಗೆ ಅದು ಅಂಟುವುದು ಕ್ಯಾಲ್ಸಿಯಂ ಇದ್ದರೆ ಮಾತ್ರ. ಬೈಂಡಿಂಗ್ ಬಫರಿನಲ್ಲಿ (ಅನೆಕ್ಸಿನ್ ಹಾಕುವ ದ್ರಾವಣ) ಕ್ಯಾಲ್ಸಿಯಂ 2.5 ಮಿಲಿಮೋಲಾರ್ ಇರುವುದು ಅದಕ್ಕೇ. ಆದರೆ ಸಿಬಿಸಿಗೆಂದು (ರಕ್ತಕಣಗಳ ಎಣಿಕೆಗೆ) ತೆಗೆದು ಉಳಿದ ರಕ್ತ ಬರುವುದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅದರ ಇಡಿಟಿಎ ಸರಿಯಾಗಿ ತೊಳೆದುಹೋಗದಿದ್ದರೆ ಕ್ಯಾಲ್ಸಿಯಮ್ಮನ್ನು ಕಚ್ಚಿಕೊಳ್ಳುತ್ತದೆ. ಆಗ ಅನೆಕ್ಸಿನ್ ಮಂಕು, ಪೊರೆ ಹರಿದ ಕೋಶಕ್ಕೆ ನುಗ್ಗುವ ಪ್ರೊಪಿಡಿಯಂ ಅಯೊಡೈಡ್ ಬಣ್ಣ ಮಾತ್ರ ಹೊಳೆಯುತ್ತದೆ. ನೋಡಿದವರು ನೆಕ್ರೋಸಿಸ್ (ಕೋಶ ಒಡೆದು ಸಾಯುವುದು) ಅಂದುಕೊಳ್ಳುತ್ತಾರೆ.

ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬನ್ನೇ ಕೇಳಿ ಪಡೆಯಿರಿ. ಸಿಗಲಿಲ್ಲವೇ, ಕೋಶಗಳನ್ನು ಎರಡು ಸಲ ತೊಳೆದು ಮೂರನೆಯ ಸಲ ಬೈಂಡಿಂಗ್ ಬಫರಿನಲ್ಲೇ ತೊಳೆಯಿರಿ. ಪಿಬಿಎಸ್ ಎಂಬ ಫಾಸ್ಫೇಟ್ ಉಪ್ಪುನೀರಿಗೆ ಕ್ಯಾಲ್ಸಿಯಂ ಬೆರೆಸುವ ಜುಗಾಡ್ ಬೇಡ, ಫಾಸ್ಫೇಟ್ ಜೊತೆ ಸೇರಿ ಗಸಿ ಕಟ್ಟುತ್ತದೆ. ಬಣ್ಣ ಹಾಕಿ ‘ಕೋಣೆಯ ಉಷ್ಣಾಂಶದಲ್ಲಿ 15 ನಿಮಿಷ’ ಇಡಿ ಅಂದರೆ 20ರಿಂದ 25 ಡಿಗ್ರಿ, ನಮ್ಮ ಏಪ್ರಿಲ್ ಮಧ್ಯಾಹ್ನದ ಕೋಣೆಯಲ್ಲ.

ಕ್ಯಾಸ್ಪೇಸಿಗೆ 20 ಲಕ್ಷ ಕೋಶ ಬೇಕು, ಅದೊಂದು ದುಬಾರಿ. ಐಸಿನ ಮೇಲೆ 10 ನಿಮಿಷ ಲೈಸಿಸ್ (ಕೋಶ ಒಡೆಯುವುದು), ಒಂದು ಸ್ಪಿನ್. ಮೇಲಿನ ತಿಳಿಯನ್ನು ಮೈನಸ್ 80ರಲ್ಲಿ ಇಟ್ಟುಬಿಡಬಹುದು. ಕರೆಂಟು, ಯಂತ್ರ ಎರಡೂ ಸಿಕ್ಕ ದಿನ 100 ಮೈಕ್ರೋಗ್ರಾಂ ಪ್ರೋಟೀನಿಗೆ 10 ಮಿಲಿಮೋಲಾರ್ ಡಿಟಿಟಿ (ಕಿಣ್ವ ಆಕ್ಸಿಡೈಸ್ ಆಗದಂತೆ ಕಾಯುವ ರಾಸಾಯನಿಕ), 200 ಮೈಕ್ರೋಮೋಲಾರ್ ಡಿಇವಿಡಿ-ಪಿಎನ್‌ಎ (ಕ್ಯಾಸ್ಪೇಸ್-3 ಕಡಿದರೆ ಹಳದಿ ಬಿಡುವ ಪೆಪ್ಟೈಡ್) ಹಾಕಿ 37 ಡಿಗ್ರಿಯಲ್ಲಿ ಎರಡು ಗಂಟೆ ಇಡಿ. ಹಳದಿಯನ್ನು 405 ನ್ಯಾನೋಮೀಟರಿನಲ್ಲಿ ಎಲೈಸಾ ರೀಡರೇ ಓದುತ್ತದೆ. ಡಿಟಿಟಿ ಹಳತಾದರೆ ಹಳದಿ ಏಳುವುದಿಲ್ಲ: ಕಿಣ್ವದ ಕೆಲಸ ನಡೆಯುವುದು ಸಿಸ್ಟೀನಿನಿಂದ, ಅದು ಆಕ್ಸಿಡೈಸ್ ಆದರೆ ಮುಗಿಯಿತು. ಇನ್ನೊಂದು ಗುಂಪು ಕೋಶಗಳಿಗೆ ಮೊದಲೇ ಕ್ಯಾಸ್ಪೇಸ್‌ಗಳನ್ನು ತಡೆಯುವ ಝಡ್-ವ್ಯಾಡ್ ಕೊಟ್ಟಿಟ್ಟುಕೊಳ್ಳಿ. ಅದರಲ್ಲೂ ಹಳದಿ ಬಂದರೆ ಅದು ಕ್ಯಾಸ್ಪೇಸ್ ಅಲ್ಲ.

ಸಾವು ಯಾವ ದಾರಿಯಲ್ಲಿ ಬಂತು ಅಂತಲೂ ಇದರಲ್ಲೇ ಹುಡುಕಬಹುದು. ಕೋಶದ ಹೊರಮೈಯ ಫ್ಯಾಸ್ ಗ್ರಾಹಕದಿಂದ ಎಫ್‌ಎಡಿಡಿ ಪ್ರೋಟೀನ್ ಮೂಲಕ ಬಂದರೆ ಕ್ಯಾಸ್ಪೇಸ್-8, ಅದನ್ನು ಅಳೆಯಲು ಐಇಟಿಡಿ ಪೆಪ್ಟೈಡ್. ಮೈಟೊಕಾಂಡ್ರಿಯಾದ ಸೈಟೋಕ್ರೋಮ್-ಸಿ, ಎಪಾಫ್-1 ಪ್ರೋಟೀನುಗಳ ಮೂಲಕವಾದರೆ ಕ್ಯಾಸ್ಪೇಸ್-9, ಅದಕ್ಕೆ ಎಲ್‌ಇಎಚ್‌ಡಿ. ಈ ಎರಡೂ ಪೆಪ್ಟೈಡುಗಳನ್ನು ಕ್ಯಾಸ್ಪೇಸ್-3 ಕೂಡ ಸ್ವಲ್ಪಸ್ವಲ್ಪ ಕಡಿಯುತ್ತದೆ, ಹಾಗಾಗಿ 1, 2, 4 ಗಂಟೆಗೆ ತೆಗೆದು ಯಾವುದು ಮೊದಲು ಏರಿತು ನೋಡಿ. ಜರ್ಕಟ್ ಕೋಶದಲ್ಲಿ (ಲ್ಯಾಬಿನಲ್ಲಿ ಬೆಳೆಸುವ ಟಿ ಕೋಶ) ಫ್ಯಾಸ್ ಸಾವಿಗೂ ಬಿಡ್ ಪ್ರೋಟೀನ್ ಮೂಲಕ ಮೈಟೊಕಾಂಡ್ರಿಯಾ ಬೇಕು. 9 ಏರಿತೆಂದು ಫ್ಯಾಸನ್ನು ಕೈಬಿಡಬೇಡಿ.

ಡಿಎನ್‌ಎ ಏಣಿ (ತುಂಡಾದ ಡಿಎನ್‌ಎ ಜೆಲ್ಲಿನಲ್ಲಿ ಏಣಿಯಂತೆ ಕಾಣುವ ಪರೀಕ್ಷೆ) ಅಗ್ಗ, ಆದರೆ ತಡವಾಗಿ ಕಾಣುತ್ತದೆ.

ಆರ್‌ಐಪಿಕೆ3, ಎಂಎಲ್‌ಕೆಎಲ್ ಪ್ರೋಟೀನುಗಳು ನಡೆಸುವ ನೆಕ್ರೊಪ್ಟೋಸಿಸ್‌ನಲ್ಲಿ (ಕ್ಯಾಸ್ಪೇಸ್ ಇಲ್ಲದೆ ಆಗುವ ಕೋಶದ ಸಾವು) ಮಾತ್ರ ಕ್ಯಾಸ್ಪೇಸ್ ಪರೀಕ್ಷೆ ಮೂಕ. ಝಡ್-ವ್ಯಾಡ್ ಕೊಟ್ಟರೂ ಕೋಶ ಸಾಯುತ್ತಿದ್ದರೆ ಅನೆಕ್ಸಿನ್ ಪರೀಕ್ಷೆಗೆ ಹೆಪಾರಿನ್ ಟ್ಯೂಬ್ ಹಿಡಿದು ಬೆಂಗಳೂರಿಗೆ ಹೊರಡುವುದೇ ಸರಿ, ಬಣ್ಣ ಅಲ್ಲಿಗೆ ಹೋದ ಮೇಲೆ ಹಾಕಿ.